ಮರದಲ್ಲಿ ಕೊರೆದ ಬಿಳಿ ಮೊಲ

‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಪುಸ್ತಕದ ಮೊದಲ ಅಧ್ಯಾಯದ ನೆತ್ತಿಯ ಮೇಲೆ ಒಂದು ಮೊಲದ ಚಿತ್ರವಿದೆ. ಹುಲ್ಲಿನ ಮೇಲೆ ಮನುಷ್ಯರ ಹಾಗೆ ಎರಡೇ ಕಾಲಲ್ಲಿ ನಿಂತಿದೆ. ಮೈಗೆ ಚೌಕಳಿ ಕೋಟು, ಒಳಗೆ ವೇಸ್ಟ್‌ಕೋಟು, ಕೊರಳಲ್ಲಿ ಗರಿಗರಿ ಕಾಲರು, ಕಂಕುಳಲ್ಲಿ ಮಡಿಸಿದ ಕೊಡೆ. ಸೊಂಟದಿಂದ ಕೆಳಗೆ ಬಟ್ಟೆಯಿಲ್ಲ, ಬರಿಯ ಮೊಲದ ಕಾಲು. ಜೇಬಿನಿಂದ ತೆಗೆದ ಗಡಿಯಾರವನ್ನು ಕಣ್ಣರಳಿಸಿ ನೋಡುತ್ತಿದೆ. ಕತೆಯ ನಾಯಕಿ ಆಲಿಸ್‌ಳನ್ನು ಚಿತ್ರದಲ್ಲಿ ಕಾಣಬೇಕಾದರೆ ಇನ್ನೂ ಕೆಲವು ಪುಟ ಮಗುಚಬೇಕು. ಓದುವ ಮಗುವಿಗೆ ಮೊದಲು ಎದುರಾಗುವುದು ಈ ಮೊಲವೇ.

ಲೂಯಿಸ್ ಕ್ಯಾರಲ್‌ನ ಈ ಕತೆಯನ್ನು ನಾ. ಕಸ್ತೂರಿಯವರು ‘ಪಾತಾಳದಲ್ಲಿ ಪಾಪಚ್ಚಿ’ ಎಂದು ಕನ್ನಡಕ್ಕೆ ತಂದರು. ಕತೆ ಓದದವರೂ ಗಡಿಯಾರ ಹಿಡಿದ ಮೊಲವನ್ನು ಕಾಫಿ ಲೋಟದ ಮೇಲೋ ಮಕ್ಕಳ ಅಂಗಿಯ ಮೇಲೋ ಕಂಡಿರುತ್ತಾರೆ. ಆದರೆ ಇದು ಕಾಗದದ ಮೇಲೆ ಲೇಖನಿಯಿಂದ ಬಿಡಿಸಿ, ಇದ್ದ ಹಾಗೇ ಅಚ್ಚಿಗೆ ಹೋದ ಚಿತ್ರವಲ್ಲ. ಮರದ ತುಂಡಿನಲ್ಲಿ ಒಂದೊಂದೇ ಗೆರೆ ಉಳಿಸಿ ಮಿಕ್ಕಿದ್ದನ್ನು ಕೊರೆದು ತೆಗೆದ ಚಿತ್ರ. ಕತೆ ಬರೆದವನು ಒಬ್ಬ, ಚಿತ್ರ ಬಿಡಿಸಿದವನು ಇನ್ನೊಬ್ಬ. ಕೊರೆದವರು ಬೇರೆ, ತಾಮ್ರದಲ್ಲಿ ಪಡಿಯಚ್ಚು ತೆಗೆದವರು ಬೇರೆ, ಕಾಗದಕ್ಕೆ ಒತ್ತಿದವರು ಬೇರೆ. ಆ ಮೊಲದ ಮುಖದಲ್ಲಿರುವ ಗಾಬರಿ ಇಷ್ಟೂ ಜನರ ಕೈ ದಾಟಿ ಕೆಡದೆ ಬರಬೇಕಿತ್ತು.

ಆ ಗಾಬರಿ ಎಂಥದೆಂದು ಮೊದಲು ನೋಡೋಣ. ಆಲಿಸ್ ನದಿಯ ದಂಡೆಯಲ್ಲಿ ಅಕ್ಕನ ಪಕ್ಕ ಬೇಸರಪಟ್ಟುಕೊಂಡು ಕುಳಿತಿದ್ದಾಳೆ. ನಸುಗೆಂಪು ಕಣ್ಣಿನ ಬಿಳಿ ಮೊಲವೊಂದು ತಡವಾಯಿತೆಂದು ಗೊಣಗುತ್ತ ಹತ್ತಿರದಲ್ಲೇ ಓಡಿಹೋಗುತ್ತದೆ. ಮೊಲ ಮಾತಾಡಿದ್ದು ಅವಳಿಗೆ ಏನೂ ವಿಶೇಷವೆನಿಸುವುದಿಲ್ಲ. ಅದು ವೇಸ್ಟ್‌ಕೋಟಿನ ಜೇಬಿಗೆ ಕೈಹಾಕಿ ಗಡಿಯಾರ ತೆಗೆದು ನೋಡಿದಾಗ ಮಾತ್ರ ಚಂಗನೆ ಎದ್ದು ಅದರ ಬೆನ್ನು ಹತ್ತುತ್ತಾಳೆ. ಕ್ಯಾರಲ್‌ನ ಜಾಣತನವೆಲ್ಲ ಈ ಜಾಗದಲ್ಲಿದೆ. ಮಾತಾಡುವ ಪ್ರಾಣಿ ಈಸೋಪನ ಕಾಲದಿಂದ ಇದ್ದದ್ದೇ. ಹೊತ್ತು ನೋಡಿಕೊಂಡು ಓಡಾಡುವ ಪ್ರಾಣಿ ಅಲ್ಲಿಯವರೆಗೆ ಇರಲಿಲ್ಲ.

ನಮ್ಮ ಪಂಚತಂತ್ರದ ಮೊಲವನ್ನು ಇದರ ಪಕ್ಕ ನಿಲ್ಲಿಸಿ ನೋಡಬೇಕು. ದಿನಕ್ಕೊಂದು ಪ್ರಾಣಿ ಸಿಂಹಕ್ಕೆ ಆಹಾರವಾಗಿ ಹೋಗಬೇಕೆಂಬ ಒಪ್ಪಂದದಲ್ಲಿ ತನ್ನ ಸರದಿ ಬಂದಾಗ ಆ ಮೊಲ ಬೇಕೆಂದೇ ತಡಮಾಡಿಕೊಂಡು ಹೋಗುತ್ತದೆ. ತಡವಾದದ್ದಕ್ಕೆ ಕಾರಣ ಹೇಳುವ ನೆಪದಲ್ಲೇ ಸಿಂಹವನ್ನು ಬಾವಿಯ ಹತ್ತಿರ ಕರೆದೊಯ್ದು ಅದರ ಕತೆ ಮುಗಿಸುತ್ತದೆ. ಕಾಡಿನ ಮೊಲಕ್ಕೆ ತಡವೆಂಬುದು ಆಯುಧ. ಕೋಟು ತೊಟ್ಟ ಈ ಸಾಕುಮೊಲಕ್ಕೆ ತಡವೆಂದರೆ ಎದೆ ಡವಗುಟ್ಟುತ್ತದೆ.

ಈ ಹೆದರಿಕೆಗೆ ಒಂದು ಊರಿದೆ. ಕ್ಯಾರಲ್‌ನ ನಿಜವಾದ ಹೆಸರು ಚಾರ್ಲ್ಸ್ ಲಟ್ವಿಜ್ ಡಾಜ್‌ಸನ್. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಗಣಿತದ ಅಧ್ಯಾಪಕ. 1862ರ ಜುಲೈ 4ರಂದು ಕಾಲೇಜಿನ ಡೀನ್ ಹೆನ್ರಿ ಲಿಡೆಲ್ಲರ ಮೂವರು ಹೆಣ್ಣುಮಕ್ಕಳನ್ನು ದೋಣಿಯಲ್ಲಿ ಕರೆದೊಯ್ಯುವಾಗ ಬಾಯಲ್ಲಿ ಹೇಳಿದ ಕತೆಯಿದು. ಹತ್ತು ವರ್ಷದ ಆಲಿಸ್ ಆ ಮೂವರಲ್ಲಿ ನಡುವಿನವಳು. ರೈಲು ಬರುವ ಮೊದಲು ಇಂಗ್ಲೆಂಡಿನಲ್ಲಿ ಊರೂರಿಗೆ ಅದರದರದೇ ಸಮಯವಿತ್ತು. ಸೂರ್ಯ ನೆತ್ತಿಗೆ ಬಂದರೆ ಆ ಊರಿಗೆ ನಡುಹಗಲು. ಲಂಡನ್ನಿನ ಪಶ್ಚಿಮಕ್ಕಿರುವ ಆಕ್ಸ್‌ಫರ್ಡಿನ ಗಡಿಯಾರ ಈ ಲೆಕ್ಕದಲ್ಲಿ ಐದು ನಿಮಿಷ ಹಿಂದೆ. ಗ್ರೇಟ್ ವೆಸ್ಟರ್ನ್ ರೈಲ್ವೆ 1840ರಲ್ಲಿ ತನ್ನ ನಿಲ್ದಾಣಗಳಿಗೆಲ್ಲ ಲಂಡನ್ ಸಮಯವನ್ನೇ ಗೊತ್ತುಮಾಡಿತು. 1844ರಲ್ಲಿ ಆಕ್ಸ್‌ಫರ್ಡಿಗೂ ರೈಲು ಬಂತು. ಇಡೀ ಬ್ರಿಟನ್ನಿಗೆ ಒಂದೇ ಸಮಯವೆಂದು ಕಾನೂನಾದದ್ದು 1880ರಲ್ಲಿ. ಊರ ಗಡಿಯಾರ ನೋಡಿಕೊಂಡು ನಿಧಾನವಾಗಿ ಹೊರಟವನಿಗೆ ರೈಲು ತಪ್ಪುವ ಕಾಲ ಅದು. ಕ್ರೈಸ್ಟ್ ಚರ್ಚ್‌ನ ಕೆಥೀಡ್ರಲ್ಲಿನಲ್ಲಿ ಇವತ್ತಿಗೂ ಪ್ರಾರ್ಥನೆ ಶುರುವಾಗುವುದು ಗಂಟೆ ಹೊಡೆದು ಐದು ನಿಮಿಷಕ್ಕೆ. ಕಾಲೇಜಿನ ‘ಗ್ರೇಟ್ ಟಾಮ್’ ಎಂಬ ದೊಡ್ಡ ಗಂಟೆ ರಾತ್ರಿ 9 ಗಂಟೆ 5 ನಿಮಿಷಕ್ಕೆ 101 ಸಲ ಬಾರಿಸುತ್ತದೆ, ಏಕೆಂದರೆ ಆಕ್ಸ್‌ಫರ್ಡಿನ ಹಳೆಯ ಲೆಕ್ಕದಲ್ಲಿ ಆಗ ಸರಿಯಾಗಿ ಒಂಬತ್ತು. ಗಡಿಯಾರಕ್ಕೆ ಅಂಜುವ ಮೊಲ ಹುಟ್ಟಿದ್ದು ಇಂಥ ಅಂಗಳದಲ್ಲಿ.

ಮೊಲದ ಸ್ವಭಾವವನ್ನು ಕ್ಯಾರಲ್ ಒಮ್ಮೆ ತಾನೇ ಬಿಡಿಸಿ ಹೇಳಿದ್ದಾನೆ. ಕತೆ ನಾಟಕವಾದ ಬಳಿಕ 1887ರಲ್ಲಿ ‘ದಿ ಥಿಯೇಟರ್’ ಪತ್ರಿಕೆಗೆ ಬರೆದ ಲೇಖನದಲ್ಲಿ ಮೊಲವನ್ನು ಆಲಿಸ್‌ಗೆ ಎದುರಾಗಿ ಇಟ್ಟುಕೊಂಡೆ ಎನ್ನುತ್ತಾನೆ. ಅವಳದು ಎಳೆಹರೆಯ, ಇದರದು ಮುಪ್ಪು. ಅವಳು ಧೈರ್ಯದಿಂದ ನೆಟ್ಟಗೆ ಮುನ್ನುಗ್ಗಿದರೆ ಇದು ಅಂಜುತ್ತ, ಅತ್ತಿತ್ತ ಮೀನಮೇಷ ಎಣಿಸುತ್ತ ನಿಲ್ಲುತ್ತದೆ. ನಟನ ದನಿ ನಡುಗಬೇಕು, ಮಂಡಿ ನಡುಗಬೇಕು ಎಂದೂ ಸೂಚಿಸಿದ್ದಾನೆ. ಲೇಖನದಲ್ಲಿ ಹೇಳದ ಇನ್ನೊಂದು ಗುಣ ಕತೆಯಲ್ಲೇ ಇದೆ. ಡಚೆಸ್ ಎಂಬ ದೊಡ್ಡ ಮನೆತನದ ಹೆಂಗಸಿನ ಹೆಸರೆತ್ತಿದರೆ ಬೆವರುವ ಈ ಮೊಲ, ಆಲಿಸ್‌ಳನ್ನು ತನ್ನ ಮನೆಗೆಲಸದವಳೆಂದು ತಪ್ಪು ತಿಳಿದ ಕ್ಷಣದಲ್ಲೇ ಗದರಿಸಿ ಕೈಗವಸು, ಬೀಸಣಿಗೆ ತರಲು ಓಡಿಸುತ್ತದೆ. ಮನೆಯ ಬಾಗಿಲಲ್ಲಿ ತನ್ನ ಹೆಸರು ಕೆತ್ತಿದ ಹಿತ್ತಾಳೆ ಫಲಕ ಬೇರೆ. ಮೇಲಿನವರ ಮುಂದೆ ಹಲ್ಲುಗಿಂಜಿ ಕೆಳಗಿನವರ ಮೇಲೆ ಎಗರುವ ಈ ಬಗೆಯವರು ನಮ್ಮ ಕಚೇರಿಗಳಲ್ಲೂ ಕಡಿಮೆಯೇನಿಲ್ಲ.

ಸದಾ ತಡವಾಗಿ ಬರುತ್ತಿದ್ದ ಡೀನ್ ಲಿಡೆಲ್ಲರೇ ಈ ಮೊಲ ಎಂದವರಿದ್ದಾರೆ. ಬಾಲ್ಯದಿಂದಾಚೆಗೆ ಕರೆದೊಯ್ಯುವ ದಾರಿತೋರುಗ ಎಂದವರಿದ್ದಾರೆ. ಒಳಮನಸ್ಸಿಗೆ ಇಳಿಯುವ ಬಾಗಿಲು ಎಂದವರೂ ಇದ್ದಾರೆ. ಅವರವರು ಹಿಡಿದ ಮೊಲಕ್ಕೆ ಮೂರೇ ಕಾಲು. ಪುಟದ ಮೇಲೆ ಕಾಣುವ ಮೊಲವನ್ನೇ ಹತ್ತಿರದಿಂದ ನೋಡುವುದು ಹೆಚ್ಚು ಲಾಭದ ಕೆಲಸವೆಂದು ನನಗೆ ತೋರುತ್ತದೆ.

ಅದನ್ನು ಬಿಡಿಸಿದವನು ಜಾನ್ ಟೆನಿಯಲ್. ಲಂಡನ್ನಿನ ‘ಪಂಚ್’ ವಾರಪತ್ರಿಕೆಯ ಹೆಸರಾಂತ ವ್ಯಂಗ್ಯಚಿತ್ರಕಾರ. ಇಪ್ಪತ್ತನೆಯ ವಯಸ್ಸಿನಲ್ಲಿ ತಂದೆಯ ಜೊತೆ ಕತ್ತಿವರಸೆ ಆಡುವಾಗ ಕತ್ತಿಯ ಮೊನೆ ತಾಗಿ ಒಂದು ಕಣ್ಣು ಹೋಗಿತ್ತು. ಎದುರಿಗೆ ಯಾರನ್ನೂ ಕೂರಿಸಿಕೊಳ್ಳದೆ ನೆನಪಿನಿಂದಲೇ ಬಿಡಿಸುವುದು ಅವನ ರೂಢಿ. 1848ರಲ್ಲಿ ಈಸೋಪನ ಕತೆಗಳಿಗೆ ಚಿತ್ರ ಬರೆದಿದ್ದರಿಂದ ಪ್ರಾಣಿಗಳು ಅವನಿಗೆ ಹೊಸದಾಗಿರಲಿಲ್ಲ. ಕ್ಯಾರಲ್ ತನ್ನ ಹಸ್ತಪ್ರತಿಗೆ ತಾನೇ 37 ಚಿತ್ರ ಬಿಡಿಸಿದ್ದ; ಆದರೆ ಅಚ್ಚಿನ ಪುಸ್ತಕಕ್ಕೆ ತನ್ನ ಕೈ ಸಾಲದೆಂದು ಅರಿತು ಟೆನಿಯಲ್‌ನನ್ನು ಕೇಳಿದ. 1864ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡ ಟೆನಿಯಲ್ ಒಟ್ಟು 42 ಚಿತ್ರ ಕೊಟ್ಟ.

ಅವನ ಮೊಲದಲ್ಲಿ ಗಮನಿಸಬೇಕಾದ್ದು ಸಂಯಮ. ಮುಖಕ್ಕೆ ಮನುಷ್ಯರ ನಗೆಯನ್ನೋ ಹುಬ್ಬನ್ನೋ ಅಂಟಿಸಿಲ್ಲ. ತಲೆ, ಕಿವಿ, ಮೀಸೆ, ಪಾದ ಎಲ್ಲವೂ ಮೊಲದವೇ. ಮನುಷ್ಯರದ್ದೆಂದರೆ ಬಟ್ಟೆ, ಕೊಡೆ, ಗಡಿಯಾರ ಮತ್ತು ನಿಲುವು, ಅಷ್ಟೇ. ಹೀಗಿರುವುದರಿಂದ ನೋಡುವವರ ಮನಸ್ಸು ಎರಡರ ನಡುವೆ ತೂಗಾಡುತ್ತದೆ. ಕೋಟು ನೋಡಿದರೆ ಗುಮಾಸ್ತ, ಕಾಲು ನೋಡಿದರೆ ಯಾವ ಗಳಿಗೆಯಲ್ಲಾದರೂ ನೆಗೆದು ಬಿಲ ಸೇರುವ ಪ್ರಾಣಿ. ಹನ್ನೊಂದನೆಯ ಅಧ್ಯಾಯದ ನ್ಯಾಯಸಭೆಯಲ್ಲಿ ಇದೇ ಮೊಲ ರಾಜನ ಡಂಗುರದವನಾಗಿ ಬರುತ್ತದೆ. ಕೊರಳಿಗೆ ನೆರಿಗೆ ನೆರಿಗೆಯ ಪಟ್ಟಿ, ಮೈಮೇಲೆ ಇಸ್ಪೀಟಿನ ಆಟೀನು ಗುರುತಿನ ನಿಲುವಂಗಿ, ಒಂದು ಕೈಯಲ್ಲಿ ತುತ್ತೂರಿ, ಇನ್ನೊಂದರಲ್ಲಿ ಸುರುಳಿ ಓಲೆ. ವೇಷ ಬದಲಾಗಿದೆ, ಕಾಲು ಅದೇ ಬರಿಗಾಲು.

ಇನ್ನು ಮರದ ಕೆಲಸ. ಆ ಕಾಲದ ಅಚ್ಚುಕೂಟದಲ್ಲಿ ಚಿತ್ರವನ್ನೂ ಅಕ್ಷರವನ್ನೂ ಒಂದೇ ಪುಟದಲ್ಲಿ ಒಟ್ಟಿಗೆ ಒತ್ತಬೇಕೆಂದರೆ ಎರಡೂ ಒಂದೇ ಎತ್ತರದಲ್ಲಿ, ಒಂದೇ ಬಗೆಯಲ್ಲಿ ಇರಬೇಕಿತ್ತು. ಸೀಸದ ಅಚ್ಚುಮೊಳೆಯಲ್ಲಿ ಅಕ್ಷರ ಉಬ್ಬಿರುತ್ತದೆ. ಉಬ್ಬಿದ ಭಾಗಕ್ಕೆ ಮಸಿ ಹತ್ತಿ ಅದೇ ಕಾಗದಕ್ಕೆ ಇಳಿಯುತ್ತದೆ. ಚಿತ್ರದ ಗೆರೆಯೂ ಹಾಗೇ ಉಬ್ಬಿದ್ದರೆ ಅಚ್ಚುಮೊಳೆಗಳ ಸಾಲಿನ ನಡುವೆ ಅದನ್ನಿಟ್ಟು, ಚೌಕಟ್ಟಿನಲ್ಲಿ ಬಿಗಿದು, ಒಂದೇ ಸಲ ಒತ್ತಬಹುದು. ಆದ್ದರಿಂದ ಮರದ ತುಂಡಿನ ದಪ್ಪ ಅಚ್ಚುಮೊಳೆಯ ಎತ್ತರದಷ್ಟೇ, ಅಂದರೆ ಒಂದು ಅಂಗುಲಕ್ಕೆ ತುಸು ಕಡಿಮೆ ಇರುತ್ತಿತ್ತು.

ಮರವೆಂದರೆ ಯಾವುದೋ ಮರವಲ್ಲ, ಬಾಕ್ಸ್‌ವುಡ್. ತುರ್ಕಿ ಮತ್ತು ಕಪ್ಪು ಸಮುದ್ರದ ಕರಾವಳಿಯ ಕಡೆಯಿಂದ ಲಂಡನ್ನಿಗೆ ಬರುತ್ತಿತ್ತು. ಇದು ಬಹಳ ನಿಧಾನವಾಗಿ ಬೆಳೆಯುವ ಗಿಡ್ಡ ಮರ. ನಿಧಾನವಾಗಿ ಬೆಳೆದುದರಿಂದಲೇ ಅದರ ತಿರುಳು ಒತ್ತೊತ್ತಾಗಿ, ಗಟ್ಟಿಯಾಗಿ, ಎಲ್ಲ ಕಡೆಯೂ ಒಂದೇ ಸಮನಾಗಿರುತ್ತದೆ. ಹಲಗೆ ಕೊಯ್ಯುವಂತೆ ಉದ್ದಕ್ಕೆ ಸೀಳಿದರೆ ನಾರು ಮಲಗಿರುತ್ತದೆ. ಅಂಥ ಮೈಯ ಮೇಲೆ ಸಣ್ಣ ಗೆರೆ ಕೊರೆಯಹೋದರೆ ನಾರಿನ ಗುಂಟ ಸಿಬಿರೆದ್ದು ಉಳಿ ದಾರಿ ತಪ್ಪುತ್ತದೆ. ಅದಕ್ಕೆ ದಿಮ್ಮಿಯನ್ನು ಅಡ್ಡಕ್ಕೆ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತಾರೆ. ಆಗ ಬಿಗಿಯಾಗಿ ಕಟ್ಟಿದ ಕಡ್ಡಿಪೊರಕೆಯನ್ನು ನಿಲ್ಲಿಸಿ ಮೇಲಿನಿಂದ ನೋಡಿದಂತೆ ನಾರುಗಳ ತುದಿಯಷ್ಟೇ ಮೇಲ್ಮೈಯಲ್ಲಿರುತ್ತದೆ. ಉಳಿ ಯಾವ ದಿಕ್ಕಿಗೆ ಹೋದರೂ ಒಂದೇ ತಡೆ, ಒಂದೇ ನಯ. ಈ ಮೈಯಲ್ಲಿ ಲೋಹದ ಉಳಿಯಿಂದ ಸೂಕ್ಷ್ಮ ಚಿತ್ರ ಕೊರೆಯುವುದನ್ನು ಒಂದು ಕಲೆಯ ಮಟ್ಟಕ್ಕೆ ತಂದವನು ಇಂಗ್ಲೆಂಡಿನ ಉತ್ತರ ಮೂಲೆಯ ನಾರ್ತಂಬರ್‌ಲ್ಯಾಂಡಿನ ಥಾಮಸ್ ಬ್ಯೂಯಿಕ್ (1753–1828). ಗಿಡ್ಡ ಮರದ ಕಾಂಡಕ್ಕೆ ಅಗಲ ಕಡಿಮೆ. ದೊಡ್ಡ ಚಿತ್ರ ಬೇಕಾದರೆ ಸಣ್ಣ ತುಂಡುಗಳನ್ನು ಜೋಡಿಸಿ ಹಿಂದಿನಿಂದ ಬೋಲ್ಟು ಬಿಗಿಯುತ್ತಿದ್ದರು.

ಕೊಯ್ದ ಬಿಲ್ಲೆ ಕೂಡಲೇ ಕೆಲಸಕ್ಕೆ ಬರುವುದಿಲ್ಲ. ಒಣಗಲು ವರ್ಷಗಟ್ಟಲೆ ಬಿಡಬೇಕು, ಇಲ್ಲವಾದರೆ ಕೊರೆದ ಮೇಲೆ ಬಿರುಕು ಬಿಡುತ್ತದೆ. ಒಣಗಿದ ಮೇಲೆ ಹತ್ತರಿ ಹೊಡೆದು, ಹೆರೆದು, ಕನ್ನಡಿಯಷ್ಟು ನುಣುಪಾಗಿಸಿ, ಪೆನ್ಸಿಲು ಹಿಡಿಯುವಂತೆ ಬಿಳಿ ಬಣ್ಣದ ತೆಳು ಲೇಪ ಕೊಡುತ್ತಿದ್ದರು. ಟೆನಿಯಲ್ ಮೊದಲು ಕಾಗದದ ಮೇಲೆ ಚಿತ್ರ ಪಳಗಿಸಿಕೊಂಡು, ಪಾರದರ್ಶಕ ಕಾಗದಕ್ಕೆ ಗೆರೆ ಎತ್ತಿ, ಅದನ್ನು ಮಗುಚಿ ಮರದ ಮೇಲೆ ಇಳಿಸುತ್ತಿದ್ದ. ಮಗುಚಲೇಬೇಕು, ಏಕೆಂದರೆ ಅಚ್ಚಿನಲ್ಲಿ ಎಡ ಬಲವಾಗುತ್ತದೆ. ಬಳಿಕ 6 ಎಚ್ ಪೆನ್ಸಿಲಿನಿಂದ, ಅಂದರೆ ಮೊಳೆಯಷ್ಟು ಬಿರುಸಾದ ಸೀಸದಿಂದ, ಮರದ ಮೇಲೆಯೇ ಚಿತ್ರ ಮುಗಿಸುತ್ತಿದ್ದ. ಕೆಲಸ ಮುಂದುವರಿದಂತೆ ಈ ಪೆನ್ಸಿಲ್ ಚಿತ್ರ ಉಳಿಯ ಬಾಯಿಗೆ ಹೋಗುತ್ತದೆ. ಟೆನಿಯಲ್ ಮರದ ಮೇಲೆ ಬರೆದ ಮೊಲವನ್ನು ಕೊರೆತದವರ ಹೊರತು ಜಗತ್ತು ನೋಡಲೇ ಇಲ್ಲ.

ಕೊರೆದವರು ಡಾಲ್ಜಿಯಲ್ ಸೋದರರು. ಬ್ಯೂಯಿಕ್‌ನ ನಾರ್ತಂಬರ್‌ಲ್ಯಾಂಡಿನಿಂದಲೇ ಲಂಡನ್ನಿಗೆ ಬಂದ ಕುಟುಂಬ. ಜಾರ್ಜ್ ಮತ್ತು ಎಡ್ವರ್ಡ್ ಮುಂದೆ ನಿಂತು ನಡೆಸುತ್ತಿದ್ದ ಈ ಕಾರ್ಖಾನೆಯಲ್ಲಿ ಅವರ ಸೋದರಿ ಮಾರ್ಗರೆಟ್ ಕೂಡ ಉಳಿ ಹಿಡಿದು ಕೂರುತ್ತಿದ್ದಳು. ಕೆಲಸಗಾರರು, ಕಲಿಯಲು ಬಂದ ಹುಡುಗರು ಎಷ್ಟೋ ಜನ. ಇಂಥ ಕಾರ್ಖಾನೆಗಳಲ್ಲಿ ಮುಖ, ಕೈಯಂಥ ನಾಜೂಕಿನ ಭಾಗ ಪಳಗಿದವರಿಗೆ, ಹಿನ್ನೆಲೆಯ ನೆರಳುಗೆರೆ ಹೊಸಬರಿಗೆ ಎಂಬ ಹಂಚಿಕೆಯಿತ್ತು. ಯಾರು ಕೊರೆದರೂ ಮೂಲೆಯಲ್ಲಿ ಬೀಳುತ್ತಿದ್ದ ರುಜು ‘ಡಾಲ್ಜಿಯಲ್’ ಎಂದೇ. ಅದರ ಪಕ್ಕದಲ್ಲೋ ಎದುರು ಮೂಲೆಯಲ್ಲೋ ಟೆನಿಯಲ್‌ನ ಹೆಣೆದ ಮೊದಲಕ್ಷರಗಳು.

ಕೊರೆಯುವವನ ಮೇಜಿನ ಮೇಲೆ ಮರಳು ತುಂಬಿದ ಚರ್ಮದ ದುಂಡನೆಯ ದಿಂಬು. ಅದರ ಮೇಲೆ ಮರದ ತುಂಡು. ಎದುರಿಗೆ ಕಂಬಿಗೆ ಸಿಕ್ಕಿಸಿದ ಭೂತಗನ್ನಡಿ. ರಾತ್ರಿಯ ಕೆಲಸಕ್ಕೆ ದೀಪದ ಮುಂದೆ ನೀರು ತುಂಬಿದ ಗಾಜಿನ ಬುರುಡೆ ಇಡುತ್ತಿದ್ದರು. ಬೆಳಕೆಲ್ಲ ಅದರ ಮೂಲಕ ಹಾದು ಮರದ ಮೇಲೆ ಒಂದೇ ಕಡೆ ಬೀಳುತ್ತಿತ್ತು. ಮುಖ್ಯ ಉಪಕರಣ ಬ್ಯೂರಿನ್. ಮೊನೆಯನ್ನು ಓರೆಯಾಗಿ ಮಸೆದ ಸಣ್ಣ ಉಕ್ಕಿನ ಸಲಾಕೆ, ಅಂಗೈಯಲ್ಲಿ ಅಡಗುವ ಗುಂಡು ಹಿಡಿ. ಹಿಡಿಯ ಕೆಳಭಾಗ ಚಪ್ಪಟೆ, ಉಳಿ ಮರಕ್ಕೆ ಬಹುತೇಕ ಮಲಗಿದಂತೆ ಸಾಗಲಿ ಎಂದು. ಕೂದಲೆಳೆಯ ಗೆರೆಗೆ ಒಂದು ಉಳಿ, ಸಮಾನಾಂತರ ನೆರಳುಗೆರೆಗೆ ಇನ್ನೊಂದು, ಅಗಲವಾಗಿ ಮರ ತೆಗೆಯಲು ಮತ್ತೊಂದು, ಹೀಗೆ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಸುತ್ತಿಗೆ ಇಲ್ಲ. ಅಂಗೈ ತಳ್ಳುತ್ತದೆ, ಹೆಬ್ಬೆರಳು ಮರದ ಮೇಲೆ ಊರಿಕೊಂಡು ತಡೆಯುತ್ತದೆ.

ಗೆರೆ ಬಾಗಬೇಕಾದರೆ ಬಲಗೈ ತಿರುಗುವುದಿಲ್ಲ. ಎಡಗೈ ದಿಂಬಿನ ಮೇಲಿನ ಮರವನ್ನು ಮೆಲ್ಲಗೆ ತಿರುಗಿಸುತ್ತದೆ. ಉಳಿ ನಿಂತಲ್ಲೇ ನಿಂತಿರುತ್ತದೆ, ಮರ ಬಂದು ಅದಕ್ಕೆ ಮೈಕೊಡುತ್ತದೆ. ಎರಡು ಕೈಯ ವೇಗ ಹೊಂದಬೇಕು, ಇಲ್ಲವಾದರೆ ಕಿವಿಯ ಅಂಚು ಒಡೆಯುತ್ತದೆ. ಕೈತಪ್ಪಿ ಒಂದು ಗೆರೆ ಹಾರಿಹೋದರೆ ಉಜ್ಜಿ ಅಳಿಸುವ ಮಾತೇ ಇಲ್ಲ. ತಪ್ಪಾದ ಕಡೆ ರಂಧ್ರ ಕೊರೆದು, ಬಾಕ್ಸ್‌ವುಡ್ಡಿನದೇ ಬೆಣೆ ಬಡಿದು, ಮೇಲ್ಮೈ ಸಮ ಮಾಡಿ, ಆ ಚುಕ್ಕೆಯಷ್ಟು ಜಾಗದಲ್ಲಿ ಮತ್ತೆ ಬರೆಸಿ ಮತ್ತೆ ಕೊರೆಯಬೇಕು.

ಈ ಕೆಲಸದ ನಿಜವಾದ ಸೋಜಿಗ ಇರುವುದು ಕೊರೆಯುವವನು ಯಾವುದನ್ನು ಮುಟ್ಟುತ್ತಾನೆ ಎಂಬುದರಲ್ಲಿ. ಚಿತ್ರಕಾರ ಗೆರೆ ಎಳೆದಿರುತ್ತಾನೆ. ಇವನು ಆ ಗೆರೆಯನ್ನು ಮುಟ್ಟುವಂತೆಯೇ ಇಲ್ಲ. ಅದರ ಎಡಕ್ಕೂ ಬಲಕ್ಕೂ ಇರುವ ಮರವನ್ನು ತೆಗೆದು ಗೆರೆಯನ್ನು ಗೋಡೆಯ ಹಾಗೆ ನಿಲ್ಲಿಸಬೇಕು. ಮೊಲದ ಚೌಕಳಿ ಕೋಟನ್ನೇ ನೋಡಿ. ಟೆನಿಯಲ್‌ಗೆ ಅದು ಪೆನ್ಸಿಲನ್ನು ಸರಸರನೆ ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಆಡಿಸಿದರೆ ಮುಗಿಯುವ ಕೆಲಸ. ಕೊರೆಯುವವನಿಗೆ ಹಾಗಲ್ಲ. ಗೆರೆ ಗೆರೆಯನ್ನು ದಾಟಿದಲ್ಲೆಲ್ಲ ನಡುವೆ ಒಂದು ಬಿಳಿಯ ಕಿಂಡಿ ಹುಟ್ಟುತ್ತದೆ. ಆ ಒಂದೊಂದು ಕಿಂಡಿಗೂ ಉಳಿಯ ಮೊನೆ ಬೇರೆಯಾಗಿ ಇಳಿದು, ಸಾಸಿವೆಗಿಂತ ಚಿಕ್ಕ ಮರದ ಚೂರನ್ನು ಎತ್ತಿ, ಸುತ್ತಲಿನ ನಾಲ್ಕು ಗೋಡೆಗಳನ್ನು ಮುಟ್ಟದೆ ಹೊರಗೆ ಬರಬೇಕು. ಒಂದು ಗೋಡೆ ಕುಸಿದರೆ ಕೋಟಿನಲ್ಲಿ ತೂತು ಕಾಣುತ್ತದೆ. ಚಿತ್ರಕಾರನ ಕೈ ಅವಸರದಲ್ಲಿ ಮಾಡಿದ್ದನ್ನು ಕೊರೆಯುವವನ ಕೈ ಅವಸರವಿಲ್ಲದೆ ಮಾಡಬೇಕು, ಆದರೆ ಅಚ್ಚಾದ ಮೇಲೆ ಆ ಅವಸರ ಹಾಗೇ ಕಾಣಬೇಕು.

ಮೊಲ ಬಿಳಿಯದಾದ್ದರಿಂದ ಕಷ್ಟ ಇನ್ನೂ ಒಂದು ಮೆಟ್ಟಿಲು ಹೆಚ್ಚು. ಅಚ್ಚಿನಲ್ಲಿ ಬಿಳಿ ಎಂದರೆ ಮಸಿ ತಾಗದ ಜಾಗ, ಅಂದರೆ ಮರ ಇಲ್ಲದ ಜಾಗ. ಮೊಲದ ಮುಖ, ಕಿವಿ, ತೊಡೆಗಳ ಬಹುಭಾಗ ಮರದಲ್ಲಿ ಬರಿಯ ಹಳ್ಳ. ಆ ಹಳ್ಳದ ನಡುವೆ ಮೀಸೆಯ ನಾಲ್ಕು ಕೂದಲು, ಕೆನ್ನೆಯ ರೋಮದ ಚಿಕ್ಕ ಚಿಕ್ಕ ಗೆರೆ, ಕಣ್ಣಿನ ಸುತ್ತು ಇವಷ್ಟೇ ಎತ್ತರದಲ್ಲಿ ಒಂಟಿಯಾಗಿ ನಿಲ್ಲಬೇಕು. ಒಂಟಿ ಗೆರೆಯ ಮೇಲೆ ಅಚ್ಚುಯಂತ್ರದ ಭಾರ ಪೂರ್ತಿ ಬೀಳುವುದರಿಂದ ಅದು ಬೇಕಾದ್ದಕ್ಕಿಂತ ಕಪ್ಪಾಗಿ ಮೂಡುತ್ತದೆ, ಬೇಗ ಮುರಿಯುತ್ತದೆ ಕೂಡ. ಅದಕ್ಕೆ ಪಳಗಿದವರು ಗೆರೆಯ ಬುಡವನ್ನು ಅಗಲವಾಗಿಯೂ ತಲೆಯನ್ನು ಕಿರಿದಾಗಿಯೂ ಬಿಡುತ್ತಿದ್ದರು. ಕಣ್ಣಂತೂ ಇನ್ನೂ ನಾಜೂಕು. ಅದರ ಕಪ್ಪಿನೊಳಗಿನ ಬಿಳಿ ಮಿಣುಕು ಕೂದಲಷ್ಟು ಅತ್ತಿತ್ತ ಆದರೆ ದೃಷ್ಟಿ ಬೇರೆಡೆಗೆ ತಿರುಗುತ್ತದೆ, ಗಾಬರಿ ಹೋಗಿ ಪೆದ್ದುತನ ಬರುತ್ತದೆ. ವಿಮರ್ಶಕರು ಪುಟಗಟ್ಟಲೆ ಬರೆದ ಮೊಲದ ಭಯ ಕೊನೆಗೆ ನಿಂತಿರುವುದು ಉಳಿ ಎತ್ತಿದ ಇಂಥ ಒಂದು ಚೂರಿನ ಮೇಲೆ.

ಕೊರೆತ ಮುಗಿದ ಮೇಲೆ ಮರಕ್ಕೆ ಕೈಯಿಂದಲೇ ಮಸಿ ಹಚ್ಚಿ, ತೆಳ್ಳನೆಯ ಕಾಗದ ಹಾಸಿ, ನಯವಾದ ಹಿಡಿಯಿಂದ ಉಜ್ಜಿ ಪ್ರೂಫು ತೆಗೆಯುತ್ತಿದ್ದರು. ಪ್ರೂಫು ಟೆನಿಯಲ್ ಬಳಿಗೆ ಹೋಗುತ್ತಿತ್ತು. ಕಪ್ಪು ಹೆಚ್ಚಾದ ಕಡೆ ಅವನು ಬಿಳಿ ಬಣ್ಣದಿಂದ ಗೆರೆ ತೆಳುಮಾಡಿ ತೋರಿಸಿ ವಾಪಸು ಕಳಿಸುತ್ತಿದ್ದ. ಕೊರೆತದವರು ಅಷ್ಟನ್ನೇ ಮತ್ತೆ ಮರದಿಂದ ತೆಗೆಯುತ್ತಿದ್ದರು. ತೆಗೆಯುವುದು ಸುಲಭ, ಸೇರಿಸುವುದು ಕಷ್ಟ; ಆದ್ದರಿಂದ ಮೊದಲ ಸುತ್ತಿನಲ್ಲಿ ಮರವನ್ನು ತುಸು ಹೆಚ್ಚೇ ಉಳಿಸುವುದು ಜಾಣತನ. 42 ಚಿತ್ರಗಳಿಗೆ ಕ್ಯಾರಲ್ ತನ್ನ ಜೇಬಿನಿಂದ ಟೆನಿಯಲ್‌ಗೆ ಕೊಟ್ಟದ್ದು 138 ಪೌಂಡು, ಡಾಲ್ಜಿಯಲ್ ಸೋದರರಿಗೆ 142 ಪೌಂಡು. ಬಿಡಿಸಿದವನಿಗಿಂತ ಕೊರೆದವರಿಗೆ ನಾಲ್ಕು ಪೌಂಡು ಜಾಸ್ತಿ. ಅಂದಿನವರಿಗೆ ಆ ಶ್ರಮದ ಬೆಲೆ ಗೊತ್ತಿತ್ತು.

ಇಷ್ಟು ಕಷ್ಟಪಟ್ಟ ಮರವನ್ನು ಅಚ್ಚುಯಂತ್ರದ ಕೆಳಗೆ ಸಾವಿರಾರು ಸಲ ಒತ್ತಿದರೆ ಸವೆದುಹೋಗುತ್ತದೆ. ಹಾಗಾಗಿ ಪುಸ್ತಕಕ್ಕೆ ಬಳಸಿದ್ದು ಅದರ ತಾಮ್ರದ ಪಡಿಯಚ್ಚು. ಮೇಣದಂಥ ಮೆದು ವಸ್ತುವಿನಲ್ಲಿ ಮರವನ್ನು ಒತ್ತಿ ಅಚ್ಚೆತ್ತಿ, ಅದರೊಳಗೆ ಗ್ರಾಫೈಟ್ ಪುಡಿ ಸವರುತ್ತಾರೆ. ಮೇಣದಲ್ಲಿ ವಿದ್ಯುತ್ ಹರಿಯುವುದಿಲ್ಲ, ಗ್ರಾಫೈಟಿನಲ್ಲಿ ಹರಿಯುತ್ತದೆ. ಅದನ್ನು ಮೈಲುತುತ್ತದ ದ್ರಾವಣದಲ್ಲಿ ತೂಗುಹಾಕಿ ವಿದ್ಯುತ್ ಹಾಯಿಸಿದರೆ ತಾಮ್ರ ಕಣಕಣವಾಗಿ ಬಂದು ಕೂತು, ಮರದ ಪ್ರತಿಯೊಂದು ಗೆರೆಯನ್ನೂ ಹೋಲುವ ತೆಳು ಚಿಪ್ಪಾಗುತ್ತದೆ. ಚಿಪ್ಪಿನ ಬೆನ್ನಿಗೆ ಸೀಸ ಹೊಯ್ದು ಗಟ್ಟಿಮಾಡಿ, ಮರದ ಹಲಗೆಗೆ ಕೂರಿಸಿದರೆ ಅಚ್ಚಿಗೆ ಸಿದ್ಧ. ಇದಕ್ಕೆ ಎಲೆಕ್ಟ್ರೋಟೈಪ್ ಎಂದು ಹೆಸರು. ಸವೆದರೆ ಇನ್ನೊಂದು ತೆಗೆಯಬಹುದು.

ಕೆಲಸ ಕೆಟ್ಟದ್ದು ಇದೆಲ್ಲ ಮುಗಿದ ಮೇಲೆ, ಕೊನೆಯ ಕೈಯಲ್ಲಿ. ಆಕ್ಸ್‌ಫರ್ಡಿನ ಕ್ಲಾರೆಂಡನ್ ಪ್ರೆಸ್ 1865ರ ಬೇಸಿಗೆಯಲ್ಲಿ 2000 ಪ್ರತಿ ಅಚ್ಚು ಹಾಕಿತು. ಚಿತ್ರಗಳು ಮೂಡಿದ ರೀತಿ ತನಗೆ ಎಳ್ಳಷ್ಟೂ ಹಿಡಿಸಿಲ್ಲವೆಂದು ಟೆನಿಯಲ್ ಜುಲೈಯಲ್ಲಿ ತಿಳಿಸಿದ. ಚಿತ್ರದ ಅಚ್ಚಿಗೆ ಅಕ್ಷರಕ್ಕಿಲ್ಲದ ಒಂದು ಆರೈಕೆ ಬೇಕು. ಕೋಟಿನಂಥ ದಟ್ಟ ಭಾಗಕ್ಕೆ ಒತ್ತಡ ಹೆಚ್ಚು, ಮೀಸೆಯಂಥ ಒಂಟಿ ಗೆರೆಗೆ ಕಡಿಮೆ ಬೀಳುವಂತೆ, ಒತ್ತುವ ಮೈಯ ಮೇಲೆ ತೆಳು ಕಾಗದದ ಚೂರುಗಳನ್ನು ಕತ್ತರಿಸಿ ಪದರ ಪದರವಾಗಿ ಅಂಟಿಸಿ ಹದಮಾಡುತ್ತಾರೆ. ಅಚ್ಚುಕೂಟದ ಮಾತಿನಲ್ಲಿ ಇದು ಮೇಕ್‌ರೆಡಿ. ಒಂದೊಂದು ಚಿತ್ರಕ್ಕೆ ತಾಸುಗಟ್ಟಲೆ ಹಿಡಿಯುವ ಈ ಕೆಲಸದ ಫಲ ಕಾಗದದ ಮೇಲೆ ಕಾಣುತ್ತದೆಯೇ ಹೊರತು ಕೆಲಸ ಕಾಣುವುದಿಲ್ಲ. ಕ್ಯಾರಲ್ ಆ ಮುದ್ರಣವನ್ನೇ ಹಿಂತೆಗೆದುಕೊಂಡ. ಹಂಚಿದ್ದ ಪ್ರತಿಗಳನ್ನು ವಾಪಸು ಕೇಳಿದ. ಲಂಡನ್ನಿನ ರಿಚರ್ಡ್ ಕ್ಲೇ ಮುದ್ರಣಾಲಯದಲ್ಲಿ ಅಕ್ಷರ ಹೊಸದಾಗಿ ಜೋಡಿಸಿ ಮತ್ತೆ ಅಚ್ಚು ಹಾಕಿಸಿದ. ಅದು ನವೆಂಬರಿನಲ್ಲಿ ಹೊರಬಂತು, ಶೀರ್ಷಿಕೆ ಪುಟದ ಮೇಲೆ 1866 ಎಂಬ ವರ್ಷ ಹೊತ್ತು. ತಿರಸ್ಕರಿಸಿದ ಹಾಳೆಗಳು ನ್ಯೂಯಾರ್ಕಿನ ಆಪಲ್‌ಟನ್ ಪ್ರಕಾಶನಕ್ಕೆ ಮಾರಾಟವಾಗಿ ಅಮೆರಿಕದಲ್ಲಿ ಪುಸ್ತಕವಾದವು. ತಪ್ಪಿಸಿಕೊಂಡು ಉಳಿದ ಮೊದಲ ಮುದ್ರಣದ ಪ್ರತಿಗಳು ಈಗ ಲೋಕದಲ್ಲಿ ಇಪ್ಪತ್ತರ ಆಸುಪಾಸು; ಕೆಟ್ಟ ಅಚ್ಚೆಂದು ತಳ್ಳಿದ್ದಕ್ಕೇ ಈಗ ಅತಿ ಹೆಚ್ಚು ಬೆಲೆ.

ಚಿಕ್ಕ ಮಕ್ಕಳಿಗೆಂದು ಕ್ಯಾರಲ್ ಆಮೇಲೆ ಮಾಡಿದ ‘ದಿ ನರ್ಸರಿ ಆಲಿಸ್’ ಪುಸ್ತಕಕ್ಕೆ ಟೆನಿಯಲ್ 20 ಚಿತ್ರಗಳಿಗೆ ಬಣ್ಣ ಹಚ್ಚಿಕೊಟ್ಟ. ಬಣ್ಣಕ್ಕೊಂದು ಮರದಚ್ಚಿನಂತೆ ಎಡ್ಮಂಡ್ ಇವಾನ್ಸ್ ಮುದ್ರಿಸಿದ. 1889ರಲ್ಲಿ ಬಂದ ಮೊದಲ ಮುದ್ರಣವನ್ನು ಬಣ್ಣ ಕಣ್ಣಿಗೆ ಹೊಡೆಯುತ್ತದೆಂದು ಕ್ಯಾರಲ್ ಮತ್ತೆ ತಳ್ಳಿಹಾಕಿದ, ಪುಸ್ತಕ ಹೊರಬಂದದ್ದು 1890ರಲ್ಲಿ. ಗಡಿಯಾರ ಹಿಡಿದ ಮೊಲದ ಚಿತ್ರದ ಬಳಿ ಒಂದು ತಮಾಷೆಯ ಸೂಚನೆಯಿದೆ. ಪುಸ್ತಕವನ್ನು ಅತ್ತಿತ್ತ ಸ್ವಲ್ಪ ಅಲ್ಲಾಡಿಸಿದರೆ ಮೊಲ ನಡುಗುವುದು ಕಾಣುತ್ತದೆ ಎಂದು ಕ್ಯಾರಲ್ ಮಗುವಿಗೆ ಹೇಳುತ್ತಾನೆ. ಇಷ್ಟು ಕೈಗಳ ಜೊತೆಗೆ ಓದುವ ಮಗುವಿನ ಕೈಯನ್ನೂ ಕೆಲಸಕ್ಕೆ ಹಚ್ಚಿದಂತಾಯಿತು.

ಛಾಯಾಚಿತ್ರದ ನೆರವಿನಿಂದ ಲೋಹದ ಬ್ಲಾಕು ಮಾಡುವ ವಿಧಾನ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದದ್ದೇ ತಡ, ಮರ ಕೊರೆಯುವ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಡಾಲ್ಜಿಯಲ್ ಸೋದರರ ಉಳಿಯಿಂದ ಬಂದ ಮೂಲ ಮರದ ತುಂಡುಗಳು 1985ರಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್ ಬಳಿಯ ಒಂದು ಬ್ಯಾಂಕಿನ ಭದ್ರಕೋಣೆಯಲ್ಲಿ ಸಿಕ್ಕವು. ಪ್ರಕಾಶಕರಾದ ಮ್ಯಾಕ್‌ಮಿಲನ್ ಸಂಸ್ಥೆಗಾಗಿ ರಾಕೆಟ್ ಪ್ರೆಸ್‌ನ ಜೊನಾಥನ್ ಸ್ಟೀಫನ್‌ಸನ್ 1988ರಲ್ಲಿ ಅವಕ್ಕೆ ನೇರವಾಗಿ ಮಸಿ ಹಚ್ಚಿ ಅಚ್ಚು ತೆಗೆದರು. ಅಲ್ಲಿಯವರೆಗೆ ಲೋಕ ನೋಡಿದ್ದೆಲ್ಲ ತಾಮ್ರದ ಪಡಿಯಚ್ಚಿನ ಮೊಲವನ್ನು, ಅದರ ಪಡಿಯಚ್ಚನ್ನು, ಸವೆದ ಪಡಿಯಚ್ಚನ್ನು. ಪ್ರೂಫಿಗೂ ಮೇಣದ ಅಚ್ಚೆತ್ತಲೂ ಬಿಟ್ಟರೆ ಮರಕ್ಕೆ ಹೆಚ್ಚಿನ ಬಳಕೆ ಇರಲಿಲ್ಲವಾದ್ದರಿಂದ ಗೆರೆಗಳು ಕೊರೆದ ದಿನದಷ್ಟೇ ಚೂಪಾಗಿದ್ದವು. ಆ ತುಂಡುಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ, ಕ್ಯಾರಲ್ ತನ್ನ ಕೈಯಾರೆ ಬರೆದು ಚಿತ್ರ ಬಿಡಿಸಿ ಆಲಿಸ್‌ಗೆ ಕೊಟ್ಟ ಹಸ್ತಪ್ರತಿಯೂ ಅದೇ ಗ್ರಂಥಾಲಯದಲ್ಲಿದೆ.